ಶಿವಮೊಗ್ಗದ ಈ ಪೇಪರ್ ಕಟಿಂಗ್ ಅಂಗಡಿಗೆ ಬರೀ ಪೇಪರ್ ಹಿಡಿದು ಹೋಗಬೇಡಿ

ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಪ್ರಮಾಣದಲ್ಲಿ ಏನಾದರೂ ತಯಾರಿಸಿ ಮಾರುವವರು, ಅಂದರೆ ನೋಟ್‌ಬುಕ್, ಜೇನುಬಾಟಲಿಯ ಲೇಬಲ್, ಕಾಳುಮೆಣಸಿನ ಪ್ಯಾಕೆಟ್‌ಗೆ ಕಟ್ಟುವ ಟ್ಯಾಗ್, ಬಟ್ಟೆಯ ಸ್ಯಾಂಪಲ್ ಕಾರ್ಡ್ ಇಂಥದ್ದೆಲ್ಲ ಮಾಡುವವರು ಯಾರೇ ಕೇಳಿದರೂ ನಾನು ಕಳಿಸುವುದು ಈ ಅಂಗಡಿಗೆ. ದುರ್ಗಿಗುಡಿ ಕಡೆಯ ಒಂದು ಅಡ್ಡರಸ್ತೆ. ಹೊರಗಿನಿಂದ ನೋಡಿದರೆ ಮಾಮೂಲಿ ಬೈಂಡಿಂಗ್ ಅಂಗಡಿ, ಬಾಗಿಲಲ್ಲಿ ಬಿಲ್ ಬುಕ್‌ಗಳ ಕಟ್ಟು, ಕೆಳಗೆ ಕತ್ತರಿಸಿದ ರದ್ದಿಯ ಚೀಲ. ಒಳಗೆ ಮೂರು ಮಿಷನ್ ಇವೆ. ಕರೆಂಟಿನ ದೊಡ್ಡ ಕಟಿಂಗ್ ಮಿಷನ್ ಒಂದು, ಕೈಯಲ್ಲಿ ಎಳೆಯುವ ಹಳೇ ಲಿವರ್ ಕಟರ್ ಒಂದು, ಮೂಲೆಯಲ್ಲಿ ಒಂದು ಟ್ರೆಡಲ್, ಅಂದರೆ ಹಳೇ ಕಾಲದ ಅಚ್ಚಿನ ಮಿಷನ್. ಇಂಥ ಮಿಷನ್ ಯಾವ ಊರಿನ ಪ್ರೆಸ್ಸಿನಲ್ಲೂ ಸಿಗುತ್ತವೆ. ಇಲ್ಲಿನ ವಿಶೇಷ ಏನಪ್ಪಾ ಅಂದರೆ, ಯಜಮಾನರು ಅವುಗಳಿಂದ ಪೇಪರ್ ಕತ್ತರಿಸುವುದರ ಜೊತೆಗೆ ಬೇರೆ ಎಷ್ಟೋ ಕೆಲಸ ತೆಗೆಯುತ್ತಾರೆ, ಮತ್ತು ಯಾವ ಕೆಲಸ ತೆಗೆಯಬಾರದು ಅನ್ನುವುದೂ ಅವರಿಗೆ ಸರಿಯಾಗಿ ಗೊತ್ತಿದೆ.

ಕಟಿಂಗ್ ಮಿಷನ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಪೇಪರ್ ಅಟ್ಟಿಯನ್ನು ಮೇಜಿನ ಮೇಲಿಟ್ಟು ಹಿಂದಿನ ಗೇಜ್‌ಗೆ, ಅಂದರೆ ಅಳತೆಗೆ ತಕ್ಕಂತೆ ಹಿಂದೆ ಮುಂದೆ ಸರಿಸುವ ತಡೆಪಟ್ಟಿಗೆ, ತಾಗಿಸಿ ಸಮ ಮಾಡುತ್ತಾರೆ. ಕ್ಲ್ಯಾಂಪ್ ಇಳಿದು ಅಟ್ಟಿಯನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಆಮೇಲೆ ಬ್ಲೇಡ್ ಬರುತ್ತದೆ, ನೇರವಾಗಿ ಕೊಡಲಿ ಬಿದ್ದಂತೆ ಬರುವುದಿಲ್ಲ, ಸ್ವಲ್ಪ ಪಕ್ಕಕ್ಕೆ ಜಾರುತ್ತಾ ಓರೆಯಾಗಿ ಇಳಿಯುತ್ತದೆ. ಕೊನೆಯ ಹಾಳೆ ದಾಟಿದ ಮೇಲೆ ಮೇಜಿನಲ್ಲಿ ಕೂರಿಸಿದ ಕಟಿಂಗ್ ಸ್ಟಿಕ್ ಅನ್ನುವ ಪ್ಲಾಸ್ಟಿಕ್ ಪಟ್ಟಿಗೆ ಕೂದಲೆಳೆಯಷ್ಟು ಕಚ್ಚಿ ನಿಲ್ಲುತ್ತದೆ. ಪ್ಯಾರಿಸ್‌ನ ಗಿಯೋಮ್ ಮಾಸಿಕೋ ಎಂಬುವವರು ಇಂಥ ಕಟರ್‌ಗೆ ಪೇಟೆಂಟ್ ತೆಗೆದುಕೊಂಡಿದ್ದು 1844ರಲ್ಲಿ. ಈಗ ಕಂಪ್ಯೂಟರ್ ಬಂದಿದೆ, ಹೈಡ್ರಾಲಿಕ್ ಬಂದಿದೆ, ಆದರೆ ಗೇಜ್, ಕ್ಲ್ಯಾಂಪ್, ಬ್ಲೇಡ್ ಅನ್ನುವ ಮೂಲ ಲೆಕ್ಕ ಹಾಗೇ ಇದೆ. ಇಲ್ಲಿನ ಯಜಮಾನರ ಜಾಣತನ ಇರುವುದು ಗೇಜ್‌ನಲ್ಲಿ ಮತ್ತು ಕ್ಲ್ಯಾಂಪ್‌ನಲ್ಲಿ. ಬ್ಲೇಡ್ ಇರುವ ಕಡೆ ಅವರು ಯಾವ ಪ್ರಯೋಗವನ್ನೂ ಮಾಡುವುದಿಲ್ಲ.

ನಾವು ಸಾಗರದ ಕಡೆ ಕೆಲವರು ಸೇರಿಕೊಂಡು ನೋಟ್‌ಬುಕ್, ಕಾರ್ಡ್ ಎಲ್ಲ ಮಾಡುತ್ತೇವೆ, ಸುತ್ತಲಿನ ಜೇನು, ಮೆಣಸು ಮಾರುವವರಿಗೆ ಟ್ಯಾಗ್ ಮಾಡಿಕೊಡುತ್ತೇವೆ. ಟ್ಯಾಗ್‌ಗೆ ಮೇಲಿನ ಎರಡು ಮೂಲೆ ಓರೆಯಾಗಿ ಕತ್ತರಿಸಿರಬೇಕು, ಆಗಲೇ ಅದು ಟ್ಯಾಗ್ ಥರ ಕಾಣುವುದು. ಇದನ್ನು ಬೇರೆ ಕಡೆ ಕೇಳಿದಾಗ ಡೈ (ಆ ಆಕಾರಕ್ಕೇ ಕತ್ತರಿಸುವ ಅಚ್ಚು) ಮಾಡಿಸಬೇಕು, ಡೈಗೆ ಇಷ್ಟು, ಪಂಚಿಂಗ್‌ಗೆ ಇಷ್ಟು, ಸಾವಿರಕ್ಕಿಂತ ಕಡಿಮೆ ಆದರೆ ಆಗಲ್ಲ ಅಂತಿದ್ದರು. ಇಲ್ಲಿ ಯಜಮಾನರು ಶೆಲ್ಫಿನಿಂದ ಒಂದು ಮರದ ತುಂಡು ತೆಗೆದರು. ಸಾಗುವಾನಿ. ಮುಂದಿನ ಮುಖದಲ್ಲಿ ಸರಿಯಾಗಿ 90 ಡಿಗ್ರಿಯ ಕಚ್ಚು, ಅದರ ಎರಡೂ ಬದಿ ಬ್ಲೇಡಿಗೆ 45 ಡಿಗ್ರಿಯಲ್ಲಿ. ಈ ತುಂಡನ್ನು ಹಿಂದಿನ ಗೇಜ್‌ಗೆ ತಾಗಿಸಿಟ್ಟು, ಟ್ಯಾಗ್ ಅಟ್ಟಿಯ ಒಂದು ಮೂಲೆಯನ್ನು ಆ ಕಚ್ಚಿನೊಳಗೆ ಕೂರಿಸಿದರೆ ಎದುರಿನ ಮೂಲೆ ಬ್ಲೇಡಿನ ಗೆರೆ ದಾಟಿ ಒಂಚೂರು ಮುಂದಕ್ಕೆ ಬರುತ್ತದೆ. ಒಂದು ಕಟ್. ಅಟ್ಟಿಯನ್ನು ಮಗುಚಿ ಹಾಕಿ ಇನ್ನೊಂದು ಕಟ್. ನೂರಾರು ಟ್ಯಾಗ್‌ಗಳ ಮೂಲೆ ಒಂದೇ ಅಳತೆ, ಒಂದೇ ಓರೆ.

ಆ ಮರದ ತುಂಡನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಕಚ್ಚಿನ ಒಂದು ಬದಿಗೆ ತೆಳು ಕಾಗದದ ಪಟ್ಟಿ ಅಂಟಿಸಿದ್ದಾರೆ, ಅದರ ಮೇಲೆ ಇನ್ನೊಂದು. ಯಾಕೆ ಅಂತ ಕೇಳಿದೆ. ಮರ ಮಳೆಗಾಲದಲ್ಲಿ ಸ್ವಲ್ಪ ಉಬ್ಬುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ, ಆ ವ್ಯತ್ಯಾಸವನ್ನು ಈ ಪಟ್ಟಿ ಸೇರಿಸಿ ತೆಗೆದು ಸರಿ ಮಾಡಿಕೊಳ್ಳುತ್ತಾರಂತೆ. ಇನ್ನೊಂದು ವಿಷಯ, ಮರದ ತುಂಡಿನ ಎತ್ತರ ಯಾವಾಗಲೂ ಅಟ್ಟಿಗಿಂತ ಸ್ವಲ್ಪ ಕಡಿಮೆ ಇರಬೇಕು. ಜಾಸ್ತಿ ಇದ್ದರೆ ಕ್ಲ್ಯಾಂಪ್ ಮರದ ಮೇಲೆ ಕೂತುಬಿಡುತ್ತದೆ, ಪೇಪರ್ ಸಡಿಲವಾಗಿ ಉಳಿಯುತ್ತದೆ, ಬ್ಲೇಡ್ ಬಂದಾಗ ಮೇಲಿನ ಹಾಳೆಗಳು ಜಾರುತ್ತವೆ. ಹಾಗಾಗಿ ಬೇರೆ ಬೇರೆ ದಪ್ಪದ ತುಂಡುಗಳನ್ನು ಮಾಡಿಟ್ಟುಕೊಂಡಿದ್ದಾರೆ, ಒಂದೊಂದರ ಮೇಲೂ ಪೆನ್ಸಿಲ್‌ನಲ್ಲಿ ಅಳತೆ ಬರೆದಿದೆ.

ಇದೇ ಉಪಾಯದಲ್ಲಿ ತೋರಣದ ಬಾವುಟಗಳನ್ನೂ ಮಾಡುತ್ತಾರೆ. ನವೆಂಬರ್ 1ರ ಹೊತ್ತಿಗೆ ಹಳದಿ, ಕೆಂಪು ಪೇಪರ್ ಅಟ್ಟಿಗಳು ಇಲ್ಲಿ ತ್ರಿಕೋನವಾಗಿ ಬೀಳುವುದನ್ನು ನೋಡುವುದೇ ಚೆಂದ. ಗಣಪತಿ ಹಬ್ಬಕ್ಕೂ ಹಾಗೇ. ಲಗ್ನಪತ್ರಿಕೆಯ ಕವರ್‌ಗೆ ಬೇಕಾದ ಓರೆ ಹಾಳೆಯನ್ನೂ ಓರೆ ಬ್ಲಾಕ್ ಇಟ್ಟೇ ಕತ್ತರಿಸುತ್ತಾರೆ. ತುಂಬಾ ಸಣ್ಣ ಪಟ್ಟಿ ಬೇಕಾದಾಗ ಹಿಂದಿನ ಗೇಜ್ ಬ್ಲೇಡಿನ ಅಷ್ಟು ಹತ್ತಿರ ಬರುವುದಿಲ್ಲ, ಆಗ ಗೇಜ್‌ನ ಮುಂದೆ ಒಂದು ಉದ್ದದ ರೀಪು ಸೇರಿಸಿ ಗೇಜನ್ನೇ ಮುಂದಕ್ಕೆ ತಂದುಕೊಳ್ಳುತ್ತಾರೆ.

ಬಟ್ಟೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಹೆಗ್ಗೋಡಿನ ಚರಕ ಸಂಸ್ಥೆಯವರ ಕೈಮಗ್ಗದ ಬಟ್ಟೆ ಎಲ್ಲರಿಗೂ ಗೊತ್ತು, ಅಡಿಕೆಯ ಚೊಗರು (ಅಡಿಕೆ ಬೇಯಿಸಿದಾಗ ಸಿಗುವ ಕೆಂಪು ರಸ) ಥರದ ನೈಸರ್ಗಿಕ ಬಣ್ಣದ ಬಟ್ಟೆಗೆ ಈಗ ಕೇಳುವವರೂ ಇದ್ದಾರೆ. ಪರಿಚಯದವರೊಬ್ಬರಿಗೆ ಬಣ್ಣದ ಸ್ಯಾಂಪಲ್ ಕಾರ್ಡ್ ಬೇಕಿತ್ತು, ಪುಟ್ಟ ಪುಟ್ಟ ಚೌಕ, ಎಲ್ಲವೂ ಒಂದೇ ಅಳತೆ. ಕತ್ತರಿಯಲ್ಲಿ ಮಾಡಿದರೆ ಒಂದೂ ಚೌಕ ಬರುವುದಿಲ್ಲ. ಬಟ್ಟೆಯನ್ನು ಹಾಗೇ ಕಟಿಂಗ್ ಮಿಷನ್‌ಗೆ ಇಟ್ಟರೂ ಆಗುವುದಿಲ್ಲ, ಮೆತ್ತಗಿರುವುದರಿಂದ ಬ್ಲೇಡ್ ಎಳೆದ ಕಡೆ ಎಳೆದುಕೊಂಡು ಹೋಗುತ್ತದೆ. ಇಲ್ಲಿ ಏನು ಮಾಡಿದರು ಅಂದರೆ, ಕೆಳಗೆ ಒಂದು ಮಿಲ್ ಬೋರ್ಡ್ (ದಪ್ಪ ರಟ್ಟು), ಮೇಲೆ ಒಂದು ಮಿಲ್ ಬೋರ್ಡ್, ನಡುವೆ ಬಟ್ಟೆ, ಕೆಲವು ಪದರಕ್ಕೊಂದು ಒರಟು ಕಾಗದ. ಕಾಗದ ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ, ಬೋರ್ಡ್ ಒತ್ತಡವನ್ನು ಎಲ್ಲ ಕಡೆ ಹಂಚುತ್ತದೆ. ಅಂಚು ಎಷ್ಟು ಸ್ವಚ್ಛ ಬಂತು ಅಂದರೆ ನೂಲು ಎದ್ದಿದ್ದು ಕಾಣಲೇ ಇಲ್ಲ. ಅಟ್ಟಿ ಮಾತ್ರ ಗಿಡ್ಡ ಇರಬೇಕು, ಪೇಪರ್ ಥರ ಎತ್ತರಕ್ಕೆ ಪೇರಿಸಿದರೆ ಕೆಳಗಿನ ಚೌಕ ಮೇಲಿನದಕ್ಕಿಂತ ದೊಡ್ಡದಾಗಿ ಬರುತ್ತದೆ ಅಂತ ಅವರೇ ಮೊದಲೇ ಹೇಳಿದರು.

ಹಳೇ ಲಿವರ್ ಕಟರ್‌ನ ಕಥೆ ಬೇರೆ. ಅದರ ಮೇಲೆ ದೊಡ್ಡ ಚಕ್ರ ಇದೆ, ತಿರುಗಿಸಿದರೆ ಕ್ಲ್ಯಾಂಪ್ ಇಳಿಯುತ್ತದೆ. ಹೆಚ್ಚಿನ ದಿನ ಅದರಲ್ಲಿ ಬ್ಲೇಡೇ ಇರುವುದಿಲ್ಲ. ಬಿಚ್ಚಿ, ಮರದ ಪೆಟ್ಟಿಗೆಯಲ್ಲಿ ಹಾಕಿ, ಮೇಲಿನ ಹಲಗೆಯಲ್ಲಿ ಇಟ್ಟಿರುತ್ತಾರೆ. ಬ್ಲೇಡ್ ಇಲ್ಲದ ಕಟರ್ ಅಂದರೆ ಒಂದು ಒಳ್ಳೇ ಪ್ರೆಸ್, ಅಲ್ವಾ? ಬರೆಯುವ ಪ್ಯಾಡ್, ತೆಳು ನೋಟ್‌ಬುಕ್ ಇವುಗಳ ಬೆನ್ನಿಗೆ ಗಮ್ ಹಾಕುವ ಕೆಲಸ ಪೂರ್ತಿ ಅದರಲ್ಲೇ. ಹಾಳೆಗಳನ್ನು ತಟ್ಟಿ ಸಮ ಮಾಡಿ, ಮೇಲೊಂದು ದಪ್ಪ ಹಲಗೆ ಇಟ್ಟು ಚಕ್ರ ಬಿಗಿ ಮಾಡುತ್ತಾರೆ. ಹಲಗೆ ಬೇಕೇ ಬೇಕು, ಯಾಕೆಂದರೆ ಕ್ಲ್ಯಾಂಪ್ ಅಗಲ ಕಡಿಮೆ, ನೇರವಾಗಿ ಒತ್ತಿದರೆ ಮೇಲಿನ ಹಾಳೆಯಲ್ಲಿ ಪಟ್ಟಿ ಬಿದ್ದುಬಿಡುತ್ತದೆ. ಬೆನ್ನಿನ ಭಾಗ ಮುಂದಕ್ಕೆ ಇರುತ್ತದೆ. ಬ್ರಷ್‌ನಲ್ಲಿ ಫೆವಿಕಾಲ್ ತೆಳ್ಳಗೆ ಎರಡು ಸಲ, ಮೊದಲನೆಯದು ಒಣಗಿದ ಮೇಲೆ ಎರಡನೆಯದು, ಅದು ಹಸಿ ಇರುವಾಗಲೇ ಬ್ಯಾಂಡೇಜ್ ಥರದ ತೆಳು ಗಾಜ್ ಬಟ್ಟೆಯ ಪಟ್ಟಿ. ಹೀಗೆ ಮಾಡಿದ ಪ್ಯಾಡ್‌ನಿಂದ ಹಾಳೆ ಕಿತ್ತರೆ ಒಂದೇ ಬರುತ್ತದೆ, ಪಕ್ಕದ್ದು ಸಡಿಲ ಆಗುವುದಿಲ್ಲ. ಇಷ್ಟು ಬಿಗಿಯಾಗಿ ಒತ್ತದೆ ಸುಮ್ನೆ ಮೇಲೆ ಕಲ್ಲು ಹೇರಿ ಗಮ್ ಹಚ್ಚಿದರೆ ಗಮ್ ಹಾಳೆಗಳ ನಡುವೆ ಇಳಿದು ಅಂಚೆಲ್ಲ ಅಂಟಿಕೊಳ್ಳುತ್ತದೆ.

ಟ್ರೆಡಲ್ ಈಗ ಅಕ್ಷರ ಅಚ್ಚು ಹಾಕುವುದಿಲ್ಲ. ಅಚ್ಚಿನ ಅಕ್ಷರದ ಮೊಳೆಗಳನ್ನು ಇಡುತ್ತಿದ್ದ ಕೇಸುಗಳು ಹೋಗಿ ಎಷ್ಟೋ ಕಾಲ ಆಯಿತು. ಇಂಕಿನ ರೋಲರ್ ತೆಗೆದಿದ್ದಾರೆ. ಚೇಸ್ ಅನ್ನುವ ಕಬ್ಬಿಣದ ಚೌಕಟ್ಟಿನಲ್ಲಿ ಅಚ್ಚಿನ ಮೊಳೆಯ ಬದಲು ಸ್ಟೀಲ್ ರೂಲ್, ಅಂದರೆ ತೆಳು ಉಕ್ಕಿನ ಪಟ್ಟಿ ಕೂರಿಸುತ್ತಾರೆ. ಮೊಂಡು ಅಂಚಿನ ರೂಲ್ ಆದರೆ ಕ್ರೀಸ್ (ಮಡಿಸುವ ಗೆರೆ) ಬೀಳುತ್ತದೆ, ಹಲ್ಲಿನ ರೂಲ್ ಆದರೆ ಪರ್ಫೊರೇಶನ್ (ಹರಿಯಲು ಸುಲಭವಾಗುವ ತೂತುಗಳ ಸಾಲು), ಹರಿತದ್ದಾದರೆ ಕಟ್. ರೋಲರ್ ಯಾಕೆ ತೆಗೆಯಬೇಕು ಅಂದರೆ, ಹರಿತ ರೂಲ್ ಮೇಲೆ ಹಾದರೆ ರೋಲರ್ ಸೀಳಿಹೋಗುತ್ತದೆ. ನಮ್ಮ ಹಸೆ ಚಿತ್ತಾರದ (ಮಲೆನಾಡಿನ ಸಾಂಪ್ರದಾಯಿಕ ಗೋಡೆ ಚಿತ್ರಕಲೆ) ಕಾರ್ಡ್‌ಗಳನ್ನು 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ಬೋರ್ಡ್‌ನಲ್ಲಿ ಮಾಡುತ್ತೇವೆ, ಕೆಂಪು ಬಣ್ಣ ಪೂರ್ತಿ ತುಂಬಿರುತ್ತದೆ. ಅದನ್ನು ಕೈಯಲ್ಲಿ ಮಡಿಸಿದರೆ ಮಡಿಕೆಯ ಉದ್ದಕ್ಕೂ ಬಣ್ಣ ಒಡೆದು ಬಿಳಿ ಗೆರೆ ಎದ್ದು ಕಾಣುತ್ತದೆ. ಇಲ್ಲಿ ಕ್ರೀಸ್ ಹಾಕಿಸಿದ ಮೇಲೆ ಆ ತೊಂದರೆ ಹೋಯಿತು. ರೂಲ್‌ನ ಎದುರು ಬದಿಯಲ್ಲಿ ಎರಡು ಕಾರ್ಡ್ ಪಟ್ಟಿಗಳನ್ನು ಸಣ್ಣ ಸಂದಿ ಬಿಟ್ಟು ಅಂಟಿಸುತ್ತಾರೆ, ರೂಲ್ ಆ ಸಂದಿಯೊಳಗೆ ಬೋರ್ಡನ್ನು ಒತ್ತುತ್ತದೆ, ಆಗ ಬೋರ್ಡಿನ ನಾರು ಕತ್ತರಿಸದೆ ಬಾಗುತ್ತದೆ. ಆ ಸಂದಿ ಎಷ್ಟಿರಬೇಕು ಅನ್ನುವುದರಲ್ಲೇ ಎಲ್ಲಾ ಇದೆ. ಬೋರ್ಡ್ ಬದಲಾದರೆ ಪಟ್ಟಿ ಕಿತ್ತು ಮತ್ತೆ ಅಂಟಿಸುತ್ತಾರೆ, ನಾಲ್ಕಾರು ಹಾಳೆ ಹಾಳು ಮಾಡಿಯಾದರೂ ಸರಿ, ಸರಿಯಾಗುವವರೆಗೆ ಮುಂದೆ ಹೋಗುವುದಿಲ್ಲ. ಬೋರ್ಡಿನ ನಾರು ಯಾವ ಕಡೆ ಓಡುತ್ತಿದೆ ಅಂತ ನೋಡದೆ ಕಾರ್ಡ್ ಕತ್ತರಿಸಿಕೊಡುವವರು ಜಾಸ್ತಿ. ಇವರು ಮೊದಲು ಒಂದು ತುಂಡನ್ನು ಎರಡೂ ಕಡೆ ಬಾಗಿಸಿ ನೋಡಿಯೇ ಕೆಲಸಕ್ಕೆ ಇಳಿಯುತ್ತಾರೆ.

ಈಗ ಅಡಿಕೆ ಹಾಳೆ. ಮಲೆನಾಡಿನವರು ಯಾವ ಮಿಷನ್ ಕಂಡರೂ ಇದರಲ್ಲಿ ಹಾಳೆ ಆಗುತ್ತಾ ಅಂತ ಕೇಳದೆ ಇರುವುದಿಲ್ಲ. ನಾವೂ ಕೇಳಿದೆವು, ನೋಟ್‌ಬುಕ್‌ಗೆ ಹಾಳೆಯ ರಟ್ಟು ಹಾಕುವ ಆಸೆ. ದೊಡ್ಡ ಮಿಷನ್‌ನಲ್ಲಿ ಖಂಡಿತ ಇಲ್ಲ ಅಂದರು. ತೋಟದಿಂದ ಬಂದ ಹಾಳೆಯಲ್ಲಿ ಎಷ್ಟು ತೊಳೆದರೂ ಮಣ್ಣಿನ ಕಣ ಉಳಿದಿರುತ್ತದೆ, ಒಂದು ಮರಳಿನ ಕಣ ಸಾಕು ಬ್ಲೇಡಿನ ಅಂಚಿಗೆ ಕಚ್ಚು ಬೀಳಲು, ಆಮೇಲೆ ಕತ್ತರಿಸುವ ಪ್ರತಿಯೊಂದು ಪುಸ್ತಕದ ಅಂಚಿನಲ್ಲೂ ಅದೇ ಜಾಗದಲ್ಲಿ ಗೀರು. ಅದು ಬೇರೆಯವರ ಕೆಲಸಕ್ಕೂ ತೊಂದರೆ, ನಿಜ ತಾನೇ. ಆದರೆ ಅಲ್ಲಿಗೇ ಬಿಡಲಿಲ್ಲ. ಲಿವರ್ ಕಟರ್‌ಗೆ ಒಂದು ಹಳೇ ಬ್ಲೇಡ್ ಇಟ್ಟಿದ್ದಾರೆ, ಪುಸ್ತಕಕ್ಕೆ ಬಳಸುವುದಿಲ್ಲ, ಇಂಥ ಒರಟು ಕೆಲಸಕ್ಕೇ ಅಂತ. ಹಾಳೆಯನ್ನು ಚೆನ್ನಾಗಿ ತೊಳೆದು, ನೆನೆಸಿ, ಭಾರ ಹೇರಿ ಚಪ್ಪಟೆ ಮಾಡಿ, ಇನ್ನೂ ಸ್ವಲ್ಪ ಪಸೆ ಇರುವಾಗಲೇ ತನ್ನಿ ಅಂದರು. ಪೂರ್ತಿ ಒಣಗಿದ್ದು ಅಂಚಲ್ಲಿ ಸೀಳು ಬಿಡುತ್ತದೆ. ಇನ್ನೊಂದು ಕಷ್ಟ, ಹಾಳೆ ನಡುವೆ ದಪ್ಪ, ಅಂಚಲ್ಲಿ ತೆಳು. ಒಂದರ ಮೇಲೊಂದು ಇಟ್ಟರೆ ಗುಡ್ಡ ಆಗುತ್ತದೆ, ಕ್ಲ್ಯಾಂಪ್ ನಡುವೆ ಮಾತ್ರ ಹಿಡಿಯುತ್ತದೆ, ಬದಿಗಳು ಅಲ್ಲಾಡುತ್ತವೆ. ಅದಕ್ಕೆ ಮೇಲೆ ಮೆತ್ತನೆಯ ರಬ್ಬರ್ ಶೀಟ್ ಹಾಕಿ, ಅದರ ಮೇಲೆ ಹಲಗೆ ಇಟ್ಟು, ಎರಡೇ ಪದರ ಕತ್ತರಿಸಿಕೊಟ್ಟರು. ನಿಧಾನದ ಕೆಲಸ, ದರವೂ ಜಾಸ್ತಿ. ಎಲ್ಲಾ ತುಂಡುಗಳೂ ಚೆನ್ನಾಗಿ ಬಂದವು ಅಂತ ಹೇಳಲಾರೆ, ಕೆಲವು ಆಮೇಲೆ ಒಣಗುವಾಗ ಸೊಟ್ಟಗಾದವು. ನನ್ನ ಅಭಿಪ್ರಾಯದಲ್ಲಿ ಹಾಳೆಯ ರಟ್ಟನ್ನು ದೊಡ್ಡ ಸಂಖ್ಯೆಯಲ್ಲಿ ಮಾಡುವವರಿಗೆ ಈ ದಾರಿ ಬೇಡ, ಬಿಸಿ ಪ್ರೆಸ್ ಇರುವ ತಟ್ಟೆ ತಯಾರಕರ ಹತ್ತಿರ ಹೋಗಿ. ಹತ್ತಿಪ್ಪತ್ತು ಬೇಕಾದವರಿಗೆ ಇದು ಸಾಕು.

ಸ್ಟಿಕ್ಕರ್ ಹಾಳೆ ಕತ್ತರಿಸುವಾಗ ಬ್ಲೇಡಿಗೆ ಅಂಟು ಹತ್ತುತ್ತದೆ, ಅದಕ್ಕೆ ಸಿಲಿಕೋನ್ ಸ್ಪ್ರೇ ಬಳಸುತ್ತಾರೆ, ಆ ಕೆಲಸ ಮುಗಿದ ಮೇಲೆ ಒರೆಸಿ ರದ್ದಿ ಕತ್ತರಿಸಿ ನೋಡಿಯೇ ಬೇರೆಯವರ ಪೇಪರ್ ಇಡುತ್ತಾರೆ. ಕಾರ್ಕ್, ಫೋಮ್, ತೆಳು ರಬ್ಬರ್ ಇವೆಲ್ಲ ಆಗುತ್ತದೆ. ಪ್ಲೈವುಡ್, ತಗಡು, ಪಿನ್ ಹೊಡೆದ ಪುಸ್ತಕ ಆಗುವುದಿಲ್ಲ, ಕೇಳಲೂ ಬೇಡಿ. ಹಳೇ ಪುಸ್ತಕದ ಅಂಚು ಸರಿ ಮಾಡಿಸಲು ತಂದರೆ ಬೆನ್ನಿನ ಹತ್ತಿರ ಪಿನ್ ಇದೆಯಾ ಅಂತ ಬೆರಳಾಡಿಸಿ ನೋಡುತ್ತಾರೆ.

ಇಷ್ಟೆಲ್ಲ ಪ್ರಯೋಗ ಮಾಡುವ ಜಾಗದಲ್ಲಿ ಸುರಕ್ಷತೆ ಹೇಗಿದೆ ಅನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯ. ದೊಡ್ಡ ಮಿಷನ್ ಎರಡೂ ಕೈಯಲ್ಲಿ ಎರಡು ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯುತ್ತದೆ. ಕೈ ಎರಡೂ ಬಟನ್ ಮೇಲಿದ್ದರೆ ಬ್ಲೇಡಿನ ಕೆಳಗೆ ಇರಲು ಸಾಧ್ಯ ಇಲ್ಲ, ಅಷ್ಟೇ ಸರಳ. ಬೇರೆ ಒಂದು ಊರಿನಲ್ಲಿ, ಹೆಸರು ಬೇಡ, ಒಂದು ಬಟನ್‌ಗೆ ರಬ್ಬರ್ ಬ್ಯಾಂಡ್ ಸುತ್ತಿ ಒತ್ತಿಟ್ಟು, ಒಂದೇ ಕೈಯಲ್ಲಿ ಮಿಷನ್ ಓಡಿಸುತ್ತಾ ಇನ್ನೊಂದು ಕೈಯಲ್ಲಿ ಪೇಪರ್ ಎಳೆಯುತ್ತಿದ್ದ ಹುಡುಗನನ್ನು ಕಂಡಿದ್ದೇನೆ. ನೋಡಿ ಎದೆ ಝಲ್ ಅಂದಿತು, ಆ ಅಂಗಡಿಗೆ ನಾವು ಮತ್ತೆ ಕೆಲಸ ಕೊಡಲಿಲ್ಲ. ಇಲ್ಲಿ ಎಷ್ಟೇ ಅರ್ಜೆಂಟ್ ಇದ್ದರೂ ಅಂಥದ್ದು ನಡೆಯುವುದಿಲ್ಲ. ಮರದ ಬ್ಲಾಕ್ ಇಟ್ಟ ಮೇಲೆ ಅದು ಬ್ಲೇಡಿನ ಗೆರೆಯಿಂದ ದೂರ ಇದೆಯಾ ಅಂತ ಮೊದಲು ಕ್ಲ್ಯಾಂಪ್ ಮಾತ್ರ ಇಳಿಸಿ ನೋಡುತ್ತಾರೆ, ಕ್ಲ್ಯಾಂಪ್‌ನ ಅಂಚೇ ಬ್ಲೇಡಿನ ಗೆರೆ ತೋರಿಸುತ್ತದೆ. ಸಣ್ಣ ಅಟ್ಟಿಯನ್ನು ಕೈಯಲ್ಲಿ ತಳ್ಳದೆ ಒಂದು ಮರದ ತುಂಡಿನಿಂದ ತಳ್ಳುತ್ತಾರೆ. ಬ್ಲೇಡ್ ಬದಲಿಸುವಾಗ ಗಿರಾಕಿಗಳನ್ನು ಹೊರಗೆ ಕೂರಿಸುತ್ತಾರೆ, ಪರಿಚಯ ಇದ್ದರೂ ಅಷ್ಟೇ. ಮನೆಯಲ್ಲೋ ಪ್ರೆಸ್ಸಿನಲ್ಲೋ ಇಂಥ ಮಿಷನ್ ಇಟ್ಟುಕೊಂಡು ಇದನ್ನು ಓದಿ ಪ್ರಯತ್ನ ಮಾಡುವವರಿದ್ದರೆ ದಯವಿಟ್ಟು ಇದನ್ನೇ ಮೊದಲು ಕಲಿಯಿರಿ: ಗೇಜ್‌ನ ಕಡೆ ಏನು ಬೇಕಾದರೂ ಸೇರಿಸಿ, ಸೆನ್ಸರ್, ಬಟನ್, ಗಾರ್ಡ್ ಇವುಗಳನ್ನು ಮುಟ್ಟಬೇಡಿ.

ಮಳೆಗಾಲದ ಬಗ್ಗೆ ಹೇಳಲೇಬೇಕು. ಜೂನ್ ಬಂತು ಅಂದರೆ ನಮ್ಮ ಕಡೆ ಪೇಪರ್ ಗಾಳಿಯಲ್ಲಿನ ತೇವ ಕುಡಿದು ಅಂಚಲ್ಲಿ ಅಲೆ ಅಲೆ ಆಗುತ್ತದೆ. ಅಂಥ ಅಟ್ಟಿಯನ್ನು ಕ್ಲ್ಯಾಂಪ್ ಒತ್ತಿ ಚಪ್ಪಟೆ ಮಾಡಿ ಕತ್ತರಿಸಿದರೆ, ಬಿಟ್ಟ ಮೇಲೆ ಹಾಳೆ ಮತ್ತೆ ಅಲೆಯಾಗುತ್ತದೆ, ಅಂಚು ನೇರ ಇರುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯಿಂದ ತರುವವರ ಪೇಪರನ್ನು ಇವರು ತಕ್ಷಣ ಕತ್ತರಿಸುವುದಿಲ್ಲ, ಒಂದೆರಡು ದಿನ ಒಳಗೆ ಬಿಚ್ಚಿಟ್ಟು ಆಮೇಲೆ ಮುಟ್ಟುತ್ತಾರೆ. ನಮಗೆ ಇದು ಮೊದಲು ಕಿರಿಕಿರಿ ಅನ್ನಿಸಿತ್ತು, ಅಳತೆ ನೋಡಿದ ಮೇಲೆ ಅರ್ಥ ಆಯಿತು. ಕಬ್ಬಿಣದ ಮೇಜಿಗೆ ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿದರೆ ಪೇಪರ್‌ಗೆ ಕಲೆ, ಅದಕ್ಕೆ ಇವರು ಮೇಣ ಉಜ್ಜಿ ಬಟ್ಟೆಯಲ್ಲಿ ಒರೆಸುತ್ತಾರೆ, ಅಟ್ಟಿಯೂ ಸಲೀಸಾಗಿ ಜಾರುತ್ತದೆ. ಭದ್ರಾವತಿಯ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ನಡೆಯುತ್ತಿದ್ದ ಕಾಲದಲ್ಲಿ ಪೇಪರ್ ಪಕ್ಕದ ಊರಿಂದಲೇ ಬರುತ್ತಿತ್ತು, ಅದು ನಿಂತ ಮೇಲೆ ದೂರದಿಂದ ಬರುವ ಪೇಪರ್ ಲಾರಿಯಲ್ಲೇ ಒಂದು ಮಳೆ ಕಂಡಿರುತ್ತದೆ ಅಂತ ಯಜಮಾನರು ಬೇಸರದಿಂದ ಹೇಳುತ್ತಿರುತ್ತಾರೆ. 1936ರಲ್ಲಿ ಶುರುವಾದ ಕಾರ್ಖಾನೆ ಅದು, ಈ ಜಿಲ್ಲೆಯ ಪ್ರೆಸ್‌ನವರಿಗೆ ಅದರ ಕೊರತೆ ಇವತ್ತಿಗೂ ಕಾಣುತ್ತದೆ.

ಹಾಗಂತ ಎಲ್ಲಾ ಸರಿ ಇದೆ ಅಂತಲ್ಲ. ಫೋನ್ ಎತ್ತುವುದು ಕಡಿಮೆ, ಮಿಷನ್ ಮುಂದೆ ಇರುವಾಗಂತೂ ಎತ್ತುವುದೇ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಲಗ್ನಪತ್ರಿಕೆ, ಆಮೇಲೆ ಶಾಲೆಯ ನೋಟ್‌ಬುಕ್, ಆಗ ನಮ್ಮಂಥವರ ಸಣ್ಣ ಕೆಲಸ ಹಿಂದಕ್ಕೆ ಹೋಗುತ್ತದೆ. ನಾಳೆ ಅಂದರೆ ನಾಳಿದ್ದು ಅಂತಲೇ ಇಟ್ಟುಕೊಳ್ಳಿ. ಇನ್ನು ದರ. ಸಾದಾ ಕಟಿಂಗ್‌ಗೆ ಎಲ್ಲರಷ್ಟೇ. ಆದರೆ ಬ್ಲಾಕ್ ಇಟ್ಟು ಮಾಡುವ ಕೆಲಸಕ್ಕೆ ಮೊದಲೇ ಇಷ್ಟು ಅಂತ ಹೇಳುವುದಿಲ್ಲ, ಮುಗಿದ ಮೇಲೆ ಹೇಳುತ್ತಾರೆ. ಇದುವರೆಗೆ ಅನ್ಯಾಯ ಅನ್ನಿಸಿಲ್ಲ, ಆದರೂ ಲೆಕ್ಕ ಇಟ್ಟು ವ್ಯಾಪಾರ ಮಾಡುವವರಿಗೆ ಇದು ಕಷ್ಟ, ಒಂದು ದರಪಟ್ಟಿ ಗೋಡೆಗೆ ಹಾಕಬೇಕು ಅಂತ ನಾನು ಅವರಿಗೇ ಹೇಳಿದ್ದೇನೆ. ಇನ್ನೊಂದು ಚಿಂತೆ ನನಗೆ ಇದೆ. ಈ ಬ್ಲಾಕ್‌ಗಳ ವಿದ್ಯೆ ಪೂರ್ತಿ ಯಜಮಾನರ ಕೈಯಲ್ಲಿದೆ. ಜೊತೆಗಿರುವ ಹುಡುಗ ಸಾದಾ ಕಟಿಂಗ್ ಚೆನ್ನಾಗಿ ಮಾಡುತ್ತಾನೆ, ಟ್ರೆಡಲ್‌ಗೆ ಕ್ರೀಸ್ ಪಟ್ಟಿ ಕೂರಿಸಲು ಇನ್ನೂ ಬರುವುದಿಲ್ಲ. ಯಜಮಾನರು ಇಲ್ಲದ ದಿನ ಹೋದರೆ ವಿಶೇಷ ಕೆಲಸ ಯಾವುದೂ ಆಗುವುದಿಲ್ಲ. ಅವನು ಬೇಗ ಕಲಿಯಲಿ, ಅವರೂ ಬಿಚ್ಚುಮನಸ್ಸಿನಿಂದ ಕಲಿಸಲಿ.

ಹೊಸದಾಗಿ ಹೋಗುವವರಿಗೆ: ಅಳತೆಯನ್ನು ಬಾಯಲ್ಲಿ ಹೇಳದೆ, ಕತ್ತರಿಯಲ್ಲಿ ಒಂದು ಸ್ಯಾಂಪಲ್ ನೀವೇ ಮಾಡಿಕೊಂಡು ಹೋಗಿ. ಇಂಚೋ ಮಿಲಿಮೀಟರೋ ಒಂದನ್ನೇ ಬಳಸಿ. ಪುಸ್ತಕ ಆದರೆ ಡೆಮಿ 1/8, ಕ್ರೌನ್ 1/4 ಅಂತ ಪ್ರೆಸ್ಸಿನವರ ಅಳತೆಯ ಹೆಸರು ಹೇಳಿದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಹಾಳೆ ಕೊಡಿ, ಹೊಂದಿಸುವಾಗ ಕೆಲವು ಹೋಗುತ್ತವೆ. ಟ್ಯಾಗ್, ಕಾರ್ಡ್ ಮಾಡಿಸುವವರು ಪ್ರಿಂಟ್ ಮಾಡಿಸುವ ಮೊದಲೇ ಒಮ್ಮೆ ಹೋಗಿ ಮಾತಾಡಿ, ಎಲ್ಲಿ ಎಷ್ಟು ಅಂಚು ಬಿಡಬೇಕು, ನಾರು ಯಾವ ಕಡೆ ಇರಬೇಕು ಅಂತ ಅವರು ಹೇಳಿದಂತೆ ಶೀಟ್ ಜೋಡಿಸಿದರೆ ಕಟ್‌ಗಳೂ ಕಡಿಮೆಯಾಗುತ್ತವೆ, ದುಡ್ಡೂ ಉಳಿಯುತ್ತದೆ. ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋದರೆ ಮಾತಾಡಲು ಸಿಗುತ್ತಾರೆ. ಅಡ್ಡರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಇಲ್ಲ, ದೂರ ನಿಲ್ಲಿಸಿ ರೀಮ್‌ಗಳನ್ನು ಹೊತ್ತು ತರಬೇಕಾಗುತ್ತದೆ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.